ಬಟ್ಟೆ ಡೈಪರ್ ಸೋರುವುದು ನಿಂತದ್ದು ಹೀಗೆ

ಮಗುವಿಗೆ ಐದು ತಿಂಗಳಾದಾಗ ಬಟ್ಟೆ ಡೈಪರ್ ಕಟ್ಟಿದ ಅರ್ಧ ಗಂಟೆಗೇ ತೊಡೆ ಪಕ್ಕದಿಂದ ಸೋರಲು ಶುರುವಾಯಿತು. ಒಳಗಿನ ಪ್ಯಾಡ್ ತೆಗೆದು ನೋಡಿದರೆ ಮುಂಭಾಗ ಮಾತ್ರ ಒದ್ದೆ, ಉಳಿದದ್ದೆಲ್ಲ ಒಣ.

ಬಟನ್ ಬಿಗಿ ಮಾಡಿದೆ. ತೊಡೆ ಕೆಂಪಾಯಿತು, ಸೋರುವುದು ನಿಲ್ಲಲಿಲ್ಲ. ಎರಡು ಮೈಕ್ರೋಫೈಬರ್ (ತೆಳು ಸಿಂಥೆಟಿಕ್ ನೂಲಿನ) ಪ್ಯಾಡ್ ಇಟ್ಟೆ. ಮಗು ಕೂತ ಕೂಡಲೇ ಸ್ಪಂಜಿನ ಹಾಗೆ ನೀರು ಬಿಟ್ಟವು. ಪ್ಯಾಡ್ ಹೊರಗೆ ಹಾಕುವ, ನೀರು ತಡೆಯುವ ಹೊಸ ಕವರ್ ತಂದದ್ದೂ ಸುಮ್ನೆ ಖರ್ಚು.

ಕೊನೆಗೆ ಒಣಗಿದ ಪ್ಯಾಡ್ ಮೇಲೆ ಒಂದು ಚಮಚ ನೀರು ಹಾಕಿದೆ. ಕೆಸುವಿನ ಎಲೆ ಮೇಲಿನ ಹನಿಯಂತೆ ಉರುಳಿತು. ಬಟ್ಟೆ ಮೆತ್ತಗಿರಲಿ ಎಂದು ಹಾಕುತ್ತಿದ್ದ ಸಾಫ್ಟ್‌ನರ್ ನೂಲಿನ ಮೇಲೆ ಜಿಡ್ಡು ಕಟ್ಟಿತ್ತು.

ಸಾಫ್ಟ್‌ನರ್ ಪೂರ್ತಿ ಬಿಟ್ಟೆ. ಪ್ಯಾಡ್‌ಗಳನ್ನು ಮೊದಲು ತಣ್ಣೀರಲ್ಲಿ ಜಾಲಿಸಿದೆ. ಆಮೇಲೆ 60 ಡಿಗ್ರಿಯಲ್ಲಿ, ಪೂರ್ತಿ ಅಳತೆ ಡಿಟರ್ಜೆಂಟ್ ಹಾಕಿ ಒಗೆದೆ. ನಂತರ ಸೋಪಿಲ್ಲದೆ ಬಿಸಿನೀರಲ್ಲಿ, ನೊರೆ ನಿಲ್ಲುವವರೆಗೆ. ನನಗೆ ಮೂರು ಸಲ ಬೇಕಾಯಿತು. ಕವರ್‌ಗಳನ್ನು ಮಾತ್ರ ಬೇರೆ ಮಾಡಿ 40 ಡಿಗ್ರಿಯಲ್ಲಿ ಒಗೆದೆ. ಜಾಸ್ತಿ ಬಿಸಿಗೆ ನೀರು ತಡೆಯುವ ಪದರ ಹಾಳಾಗಬಹುದು. ಈಗ ಚಮಚ ನೀರು ಹಾಕಿದ ತಕ್ಷಣ ಇಂಗುತ್ತದೆ.

ಹೊಸದಾಗಿ ಆರಿಸುವವರು ಹತ್ತಿ ಅಥವಾ ಹೆಂಪ್ (ಒಂದು ಬಗೆಯ ಗಿಡದ ನಾರು) ಪ್ಯಾಡ್ ನೋಡಿ. ರಾತ್ರಿಗೆ ಮೇಲೆ ಹತ್ತಿ, ಕೆಳಗೆ ಹೆಂಪ್. ಹೆಂಪ್ ನಿಧಾನವಾಗಿ ಹೀರುತ್ತದೆ, ಆದರೆ ಒತ್ತಿದರೂ ಸುಲಭಕ್ಕೆ ಬಿಡುವುದಿಲ್ಲ.