ಅತ್ತೆಯ ಮೊಣಕಾಲಿನ ಎಕ್ಸ್‌ರೇ, ರಾಣಿ ಬಣ್ಣದ ಕೋಟೆ

ಚಿತ್ರದುರ್ಗದಲ್ಲಿ 18 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬಣ್ಣ ಹಚ್ಚಲು ಶುರು ಮಾಡಿ ಮೂರು ವರ್ಷ ಆಯಿತು. ಮೊದಲ ದಿನ ಅಂಗಡಿಗೆ ಹೋಗಿ "ಕ್ಯಾನ್ವಾಸ್ ಕೊಡಿ" ಅಂದೆ. ನನಗೆ ಗೊತ್ತಿದ್ದ ಕ್ಯಾನ್ವಾಸ್ ಅಂದರೆ ಕಾಲರ್ ಒಳಗೆ ಇಡುವುದು, ಮೀಟರ್ ಲೆಕ್ಕದಲ್ಲಿ ಸಿಗುವುದು. ಅವನು ಮರದ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ ತಂದಿಟ್ಟು ರೇಟು ಹೇಳಿದ. ಸುಮ್ನೆ ಅಲ್ಲೇ ಇಟ್ಟು ಬಂದೆ. ಆಮೇಲೆ ಬಡಗಿ ಹತ್ತಿರ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಕತ್ತರಿಸಿಕೊಂಡೆ, 18 ಇಂಚು ಅಗಲ, 24 ಇಂಚು ಉದ್ದ. ಇವತ್ತಿಗೂ ನನಗೆ ಅದೇ ಇಷ್ಟ. ಒತ್ತಿ ಕೆಲಸ ಮಾಡಿದರೆ ಬಟ್ಟೆಯ ಹಾಗೆ ಕುಣಿಯುವುದಿಲ್ಲ.

ಇದೆಲ್ಲ ಶುರುವಾದದ್ದು ತಂಗಿಯಿಂದ. ದಾವಣಗೆರೆಯಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಬೇಡ, ನಮ್ಮೂರಿನ ಕೋಟೆಯನ್ನೇ ಕೊಡೋಣ ಅನ್ನಿಸಿತು. ಫೋಟೋ ಎಲ್ಲರ ಮನೆಯಲ್ಲೂ ಇದೆ. ನನಗೆ ಬೇಕಾಗಿದ್ದು ಸೀರೆ ಅಂಗಡಿಯ ಶೆಲ್ಫ್ ಥರ ಕಣ್ಣಿಗೆ ಹೊಡೆಯುವ ಕೋಟೆ. ಗೃಹಪ್ರವೇಶಕ್ಕೆ ಎರಡು ತಿಂಗಳಿತ್ತು. ಅಕ್ರಿಲಿಕ್ ಬಣ್ಣ, ಪ್ಲಾಸ್ಟಿಕ್ ಸ್ಟೆನ್ಸಿಲ್ (ಡಿಸೈನ್ ಕತ್ತರಿಸಿದ ತೂತಿನ ಹಾಳೆ), ಸ್ಪಾಂಜ್ ಎಲ್ಲ ಆನ್‌ಲೈನ್‌ನಲ್ಲಿ ತರಿಸಿದೆ.

ಮೊದಲ ಹಲಗೆ ಪೂರ್ತಿ ಹಾಳಾಯಿತು. ಗುಲಾಬಿ ಹಚ್ಚಿದೆ, ಅದು ಹಸಿ ಇರುವಾಗಲೇ ಪಕ್ಕದಲ್ಲಿ ಹಸಿರು, ಮೇಲೆ ಕೇಸರಿ, ಅದರ ಮೇಲೆ ನೀಲಿ. ಹತ್ತು ನಿಮಿಷದಲ್ಲಿ ಎಲ್ಲ ಸೇರಿ ಕೆಸರಿನ ಬಣ್ಣ. ಆ ಕೆಸರಿನ ಮೇಲೆ ಸ್ಟೆನ್ಸಿಲ್ ಇಟ್ಟು ಬಿಳಿ ಬಳಿದೆ. ಎತ್ತಿ ನೋಡಿದರೆ ಹೂವಿನ ಅಂಚೆಲ್ಲ ಒಳಗೆ ಹರಿದು, ಮಳೆಯಲ್ಲಿ ನೆನೆದ ರಂಗೋಲಿ ಥರ ಆಗಿತ್ತು. ಆ ದಿನ ರಾತ್ರಿ ಒಂದು ಸೀರೆಗೆ ಫಾಲ್ಸ್ ಹಾಕುತ್ತಾ ಕೂತಿದ್ದೆ. ಮೊಳಕಾಲ್ಮೂರು ರೇಷ್ಮೆ, ರಾಣಿ ಕಲರ್ ಮೈ, ಬಾಟಲ್ ಗ್ರೀನ್ ಅಂಚು. ಗುಲಾಬಿ, ಹಸಿರು ಎರಡೂ ಪಕ್ಕಪಕ್ಕದಲ್ಲೇ ಇವೆ. ಎರಡೂ ಉರಿಯುತ್ತಿವೆ! ನಾನು ಹಾಳು ಮಾಡಿದ್ದೂ ಅವೇ ಎರಡು ಬಣ್ಣ. ಆದರೆ ಇಲ್ಲಿ ಅವು ಒಂದಕ್ಕೊಂದು ತಾಗಿವೆ, ಕಲೆತಿಲ್ಲ. ಗುಲಾಬಿ, ಹಸಿರಿನಂಥ ಎದುರು ಬಣ್ಣಗಳು ಹಸಿಯಾಗಿ ಬೆರೆತರೆ ಒಂದನ್ನೊಂದು ಕೊಂದುಕೊಳ್ಳುತ್ತವೆ, ಒಣಗಿದ ಮೇಲೆ ಪಕ್ಕದಲ್ಲಿ ಕೂತರೆ ಮೆರೆಯುತ್ತವೆ. ಅಷ್ಟರಲ್ಲಿ ಹದಿನೈದು ವರ್ಷ ಮ್ಯಾಚಿಂಗ್ ಪೀಸ್ ಹುಡುಕಿದ್ದ ನನಗೆ ಇದು ಗೊತ್ತಿರಬೇಕಿತ್ತು.

ಮರುದಿನದಿಂದ ಒಂದು ಪದರ ಒಣಗದೆ ಇನ್ನೊಂದಕ್ಕೆ ಕೈ ಹಾಕಲಿಲ್ಲ. ಅಕ್ರಿಲಿಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಬಣ್ಣದ ಪುಡಿಯ ಜೊತೆ ಪ್ಲಾಸ್ಟಿಕ್ಕಿನ ಸಣ್ಣ ಕಣಗಳು ನೀರಲ್ಲಿ ತೇಲುತ್ತಿರುತ್ತವೆ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಆಮೇಲೆ ಮೇಲೆ ಎಷ್ಟೇ ಒದ್ದೆ ಬಣ್ಣ ಹಚ್ಚಿದರೂ ಕೆಳಗಿನದು ಕರಗುವುದಿಲ್ಲ. ಇನ್ನೊಂದು ವಿಷಯ. ಹಸಿ ಇರುವಾಗ ಆ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದರೆ ಗಾಜಿನಂತೆ ತಿಳಿಯಾಗುತ್ತದೆ. ಹಾಗಾಗಿ ಬಟ್ಟಲಲ್ಲಿ ಕಂಡ ಬಣ್ಣ ಹಲಗೆಯ ಮೇಲೆ ಒಂದು ಅಂಶ ಗಾಢವಾಗುತ್ತದೆ. ನಾನು ಒಂದು ಚೂರು ಕಾಗದದ ಮೇಲೆ ಹಚ್ಚಿ, ಒಣಗಿಸಿ, ಆಮೇಲೆ ಮ್ಯಾಚ್ ನೋಡುತ್ತೇನೆ.

ನಮ್ಮೂರಿನ ಒಣ ಗಾಳಿಗೆ ತೆಳು ಪದರ ಹತ್ತು ಹದಿನೈದು ನಿಮಿಷದಲ್ಲಿ ಆರುತ್ತದೆ. ಅದೇ ಗಾಳಿ ಏಪ್ರಿಲ್‌ನಲ್ಲಿ ಬಟ್ಟಲಲ್ಲಿರುವ ಬಣ್ಣವನ್ನೂ ಆರಿಸಿಬಿಡುತ್ತದೆ. ಅದಕ್ಕೆ ಮಗನ ಹಳೇ ಸ್ಟೀಲ್ ಟಿಫನ್ ಡಬ್ಬಿ ಹಿಡಿದೆ. ತಳಕ್ಕೆ ಒದ್ದೆ ಬಟ್ಟೆ ಮಡಚಿ ಹಾಸಿ, ಅದರ ಮೇಲೆ ಆರಿ ವರ್ಕ್ ಕಸೂತಿಯ ಡಿಸೈನ್ ಇಳಿಸುವ ಬಟರ್ ಪೇಪರ್ ಇಟ್ಟು, ಪೇಪರಿನ ಮೇಲೆ ಬಣ್ಣ. ಮುಚ್ಚಳ ಹಾಕಿಟ್ಟರೆ ಮರುದಿನವೂ ಮೆತ್ತಗಿರುತ್ತದೆ. ಫ್ಯಾನ್ ಮಾತ್ರ ಹಾಕಬೇಡಿ.

ಇನ್ನು ಸ್ಟೆನ್ಸಿಲ್. ಆನ್‌ಲೈನ್‌ನಿಂದ ಬಂದವುಗಳಲ್ಲಿ ಇದ್ದದ್ದು ಯಾವುದೋ ಊರಿನ ಎಲೆ, ಚಿಟ್ಟೆ. ಕೋಟೆಗೆ ಅದು ಯಾಕೆ? ಹೆದ್ದಾರಿ ಪಕ್ಕ ಲಾರಿಗಳಿಗೆ ಬೋರ್ಡು, ನಂಬರು ಬರೆಯುವ ಒಬ್ಬ ಅಣ್ಣ ಇದ್ದಾನೆ. ಅವನು ಎಕ್ಸ್‌ರೇ ಶೀಟಿನಲ್ಲಿ ಅಕ್ಷರ ಕತ್ತರಿಸಿಟ್ಟುಕೊಂಡಿದ್ದ. ನೋಡಿದ ಕೂಡಲೇ ಮನೆಗೆ ಓಡಿಬಂದೆ. ಅತ್ತೆಯ ಮೊಣಕಾಲಿನ ಹಳೇ ಎಕ್ಸ್‌ರೇಗಳು ಅಲ್ಮೇರಾದ ಮೇಲೆ ಧೂಳು ತಿನ್ನುತ್ತಿದ್ದವು. ಡಾಕ್ಟರಿಗೆ ಇನ್ನು ಬೇಕಾಗಿಲ್ಲ ಅಂತ ಕೇಳಿಕೊಂಡೇ ತೆಗೆದೆ. ಬಟ್ಟೆ ಒಗೆಯುವ ಬ್ಲೀಚ್ ಸ್ವಲ್ಪ ನೀರಿಗೆ ಹಾಕಿ ಅದರಲ್ಲಿ ಶೀಟು ನೆನೆಸಿಟ್ಟರೆ ಕಪ್ಪು ಪದರ ಬಿಟ್ಟುಕೊಳ್ಳುತ್ತದೆ, ತಿಳಿ ನೀಲಿ ಹಾಳೆ ಉಳಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಹಿತ್ತಲಲ್ಲಿ ಮಾಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಕಾಣುವ ಹಾಳೆಯಾದರೆ ಎಲ್ಲಿ ಕೂರಿಸುತ್ತಿದ್ದೇವೆ ಅಂತ ಗೊತ್ತಾಗುತ್ತದೆ, ಅದೇ ಲಾಭ.

ಕತ್ತರಿಸುವಾಗ ನನ್ನ ಕಸುಬು ಕೈ ಹಿಡಿಯಿತು. ಹೊಲಿಯುವಾಗ ಸೂಜಿ ಇದ್ದಲ್ಲೇ ಇರುತ್ತದೆ, ತಿರುಗುವುದು ಬಟ್ಟೆ. ಇಲ್ಲೂ ಅಷ್ಟೇ. ಕಟರ್ ಹಿಡಿದ ಕೈಯನ್ನು ತಿರುಗಿಸಬೇಡಿ, ಶೀಟನ್ನು ತಿರುಗಿಸಿ. ದುಂಡು ಗೆರೆ ತಾನಾಗಿ ಬರುತ್ತದೆ. ಒಂದೇ ಸಲ ಅದುಮಿ ಕೊಯ್ಯದೆ ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಸಣ್ಣ ತೂತು ಮೊದಲು, ದೊಡ್ಡದು ಆಮೇಲೆ. ದೊಡ್ಡದನ್ನು ಮೊದಲು ತೆಗೆದರೆ ಶೀಟು ಸಡಿಲವಾಗಿ ಸಣ್ಣದು ಹರಿಯುತ್ತದೆ. ನಾನು ಕತ್ತರಿಸಿದ್ದು ಮೂರು: ಕೋಟೆ ಗೋಡೆಯ ತುದಿಯಲ್ಲಿ ಹಲ್ಲಿನಂತೆ ಕಾಣುವ ತೆನೆಸಾಲು, ಕಲ್ಲಿನ ಮೆಟ್ಟಿಲು, ಸೀರೆ ಅಂಚಿನಿಂದ ಇಳಿಸಿಕೊಂಡ ಒಂದು ನವಿಲು.

ನಾಲ್ಕನೆಯದರಲ್ಲಿ ಎಡವಿದೆ. ಹಲಗೆಯ ಮೂಲೆಯಲ್ಲಿ 'ತವರು' ಅಂತ ಬರೆಯುವ ಆಸೆ. ಬರೆದುಕೊಂಡೆ, ಕತ್ತರಿಸಿದೆ, ಎತ್ತಿದೆ. 'ರ'ದ ಹೊಟ್ಟೆ ನೆಲಕ್ಕೆ ಬಿತ್ತು. 'ವ'ದ್ದೂ ಬಿತ್ತು. ಕನ್ನಡದ ಬಹಳಷ್ಟು ಅಕ್ಷರಗಳು ಹೊಟ್ಟೆ ಇರುವಂಥವು, ಅಲ್ವಾ? ಸುತ್ತ ಕತ್ತರಿಸಿದರೆ ಒಳಗಿನ ಚೂರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಬೋರ್ಡ್ ಅಣ್ಣನಿಗೆ ತೋರಿಸಿದೆ. ನಕ್ಕು, "ಅಕ್ಕಾ, ಹೊಟ್ಟೆಗೊಂದು ಕೊಂಡಿ ಬಿಡ್ಬೇಕು. ಒಂದು ಜೋಳದ ಕಾಳಿನಷ್ಟು ಅಗಲ ಸಾಕು. ಆಮೇಲೆ ಸಣ್ಣ ಬ್ರಶ್‌ನಲ್ಲಿ ಮುಚ್ಕೊಳ್ಳಿ" ಅಂದ. 'ಠ' ಬರುವ ಪದ ಆರಿಸದೆ ಇದ್ದದ್ದು ನನ್ನ ಪುಣ್ಯ.

ಬಣ್ಣ ಹರಿಯುವುದಕ್ಕೂ ಅವನೇ ಮದ್ದು ಹೇಳಿದ. "ಬ್ರಶ್ಶಿಗೆ ಬಣ್ಣ ಕುಡಿಸ್ಬೇಡಿ, ಮೂಸಿಸಿ." ಈ ಮಾತು ನನಗೆ ಯಾವ ವಿಡಿಯೋದಲ್ಲೂ ಸಿಗಲಿಲ್ಲ. ಪಾತ್ರೆ ತೊಳೆಯುವ ಸ್ಪಾಂಜಿನ ತುಂಡನ್ನು ಬಣ್ಣಕ್ಕೆ ತಾಗಿಸಿ, ಹಳೇ ಕಾಗದದ ಮೇಲೆ ನಾಲ್ಕೈದು ಸಲ ಒತ್ತಿ ತೆಗೆಯಬೇಕು. ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಸ್ಟೆನ್ಸಿಲ್ ಮೇಲೆ ನೇರವಾಗಿ ಕುಟ್ಟಬೇಕು. ಬಳಿಯಬಾರದು, ಬಳಿದರೆ ಬಣ್ಣ ಅಂಚಿನ ಕೆಳಗೆ ನುಗ್ಗುತ್ತದೆ. ಬಣ್ಣಕ್ಕೆ ನೀರು ಬೆರೆಸಲೇಬಾರದು. ಮೊದಲ ಸಲ ಮಬ್ಬಾಗಿ ಬರುತ್ತದೆ. ಆರಲಿ, ಸ್ಟೆನ್ಸಿಲ್ ಕದಲಿಸದೆ ಇನ್ನೊಂದು ಸಲ ಕುಟ್ಟಿ. ಶೀಟು ಅಲುಗದಂತೆ ನಾಲ್ಕು ಕಡೆ ಮಾಸ್ಕಿಂಗ್ ಟೇಪ್.

ಇಷ್ಟೆಲ್ಲ ಆದರೂ ಮೊದಲಿನ ಪದರ ಉಬ್ಬುತಗ್ಗಾಗಿದ್ದರೆ ಸ್ವಲ್ಪ ಹರಿದೇ ಹರಿಯುತ್ತದೆ. ಅಲ್ಲಿ ನಾನು ಮಾಡುವುದು ಹೀಗೆ. ಕೆಳಗೆ ಯಾವ ಬಣ್ಣ ಇದೆಯೋ ಅದೇ ಬಣ್ಣವನ್ನು ಮೊದಲು ಸ್ಟೆನ್ಸಿಲ್ ಅಂಚಿಗೆ ಕುಟ್ಟುತ್ತೇನೆ. ಹರಿದರೂ ಅದೇ ಬಣ್ಣ, ಕಾಣುವುದಿಲ್ಲ, ಸಂದು ಮುಚ್ಚಿಹೋಗುತ್ತದೆ. ಆರಿದ ಮೇಲೆ ಬೇಕಾದ ಬಣ್ಣ.

ಹಲಗೆಯ ಕಥೆಗೆ ಬರುತ್ತೇನೆ. ಎಂಡಿಎಫ್‌ಗೆ ಎರಡೂ ಕಡೆ ಬಿಳಿ ಪ್ರೈಮರ್ ಹೊಡೆದೆ. ಒಂದೇ ಕಡೆ ಹೊಡೆದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದರ ಮೇಲೆ ಹಳೇ ಕಟಿಂಗ್ ಪೇಪರುಗಳನ್ನು ಹರಿದು ಅಂಟಿಸಿದೆ. ತಂಗಿಯ ಮದುವೆ ಬ್ಲೌಸಿನ ಪ್ಯಾಟರ್ನ್ ಕೂಡ ಅದರಲ್ಲಿ ಇದೆ, 'ತೋಳು 9' ಅಂತ ನನ್ನ ಕೈಬರಹ ಈಗಲೂ ಓದಬಹುದು. ಕಾಗದದ ಹಿಂಭಾಗಕ್ಕೂ ಹಲಗೆಗೂ ಎರಡಕ್ಕೂ ತೆಳ್ಳಗೆ ಫೆವಿಕಾಲ್ ಹಚ್ಚಬೇಕು, ನಡುವಿನಿಂದ ಹೊರಕ್ಕೆ ಹಳೇ ಎಟಿಎಂ ಕಾರ್ಡಿನಲ್ಲಿ ಒತ್ತಿ ಎಳೆಯಬೇಕು. ಇಲ್ಲದಿದ್ದರೆ ಒಳಗೆ ಗಾಳಿ ನಿಂತು ಗುಳ್ಳೆ ಏಳುತ್ತದೆ. ಕೋಟೆಯ ಫೋಟೋವನ್ನು ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಲು ಹೋದೆ, ಒದ್ದೆ ತಾಗಿದ ಕೂಡಲೇ ಶಾಯಿ ಹರಿಯಿತು. ಜೆರಾಕ್ಸ್ ಪ್ರತಿಗೆ ಆ ಕಾಟ ಇಲ್ಲ.

ಆಮೇಲೆ ಏಳು ಪಟ್ಟಿ. ಏಳು ಸುತ್ತಿನ ಕೋಟೆಗೆ ಏಳು ಸೀರೆ ಬಣ್ಣ. ಎಲ್ಲಕ್ಕಿಂತ ಕೆಳಗೆ ಇಡೀ ಹಲಗೆಗೆ ರಾಣಿ. ಮೇಲೆ ರಾಮಾ ಹಸಿರು, ಅರಿಶಿನ, ಕೇಸರಿ, ಬಾಟಲ್ ಗ್ರೀನ್, ನವಿಲು ನೀಲಿ, ಆಕಾಶದ ಹತ್ತಿರ ತಿಳಿ ನೇರಳೆ. ಅರಿಶಿನ ತುಂಬ ಕಾಡಿತು. ನಿಂಬೆ ಹಳದಿ ತೆಳುವಾದ ಬಣ್ಣ, ಕೆಳಗಿನ ರಾಣಿ ಇಣುಕಿ ಎಲ್ಲ ಕೇಸರಿಯಾಗಿ ಕಂಡಿತು. ಮೊದಲು ಬಿಳಿ ಕೊಟ್ಟು, ಆರಿಸಿ, ಆಮೇಲೆ ಹಳದಿ ಕೊಟ್ಟ ಮೇಲೆ ಸರಿಹೋಯಿತು. ಪ್ರತಿ ಪಟ್ಟಿಯ ಮೇಲೂ ಬೇರೆ ಬೇರೆ ಅಚ್ಚು. ಒಂದರಲ್ಲಿ ನವಿಲು, ಒಂದರಲ್ಲಿ ಅಮ್ಮನ ತಗಡಿನ ರಂಗೋಲಿ ಅಚ್ಚು, ಒಂದರಲ್ಲಿ ಬ್ಲೌಸ್ ತೋಳಿಗೆ ಹಚ್ಚಿ ಉಳಿದ ಲೇಸ್. ಲೇಸನ್ನು ಬಿಗಿಯಾಗಿ ಎಳೆದು ಟೇಪ್ ಹಾಕಿ ಅದರ ಮೇಲೆ ಕುಟ್ಟಿದರೆ ಅಂಗಡಿಯಲ್ಲಿ ಸಿಗದಂಥ ಡಿಸೈನ್ ಬರುತ್ತದೆ. ಕುಟ್ಟಿದ ತಕ್ಷಣ ಎತ್ತಿಬಿಡಿ. ನಾನು ಫೋನ್ ಬಂತು ಅಂತ ಬಿಟ್ಟು ಹೋದೆ, ವಾಪಸು ಬರುವಷ್ಟರಲ್ಲಿ ಲೇಸು ಕೋಟೆಯ ಭಾಗವೇ ಆಗಿತ್ತು. ಹಾಗೇ ಇರಲಿ ಅಂತ ಬಿಟ್ಟೆ.

ಬಂಡೆಗಳಿಗೆ ಮೊದಲು ಕಂದು ಹಚ್ಚಿದ್ದೆ, ಏಳೂ ಬಣ್ಣದ ನಡುವೆ ಸತ್ತ ಹಾಗೆ ಕಂಡಿತು. ಸಂಜೆ ಹೊತ್ತು ನಮ್ಮ ಬಂಡೆಗಳಲ್ಲಿ ನಸುಗೆಂಪು ಕಾಣುವುದನ್ನು ನೋಡಿಲ್ಲವೇ? ಅದೇ ಬಣ್ಣಕ್ಕೆ ಹೋದೆ. ಅವುಗಳಿಗೆ ಉಬ್ಬು ಬೇಕಿತ್ತು. ಸೀಮೆಸುಣ್ಣ ಕುಟ್ಟಿ, ಮಲ್ ಬಟ್ಟೆಯಲ್ಲಿ ಜರಡಿ ಹಿಡಿದು, ಮೂರು ಚಮಚ ಪುಡಿಗೆ ಒಂದು ಚಮಚ ಫೆವಿಕಾಲ್, ಒಂದು ಚಮಚ ಬಿಳಿ ಅಕ್ರಿಲಿಕ್ ಸೇರಿಸಿದೆ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಕಣಕಕ್ಕಿಂತ ಮೆತ್ತಗೆ. ಸ್ಟೆನ್ಸಿಲ್ ಮೇಲೆ ಹಾಕಿ ಚಪ್ಪಟೆ ಚಾಕುವಿನಲ್ಲಿ ಸವರಿ, ಶೀಟನ್ನು ನೇರ ಮೇಲಕ್ಕೆ ಎತ್ತಬೇಕು. ಆಸೆಗೆ ಬಿದ್ದು ಒಂದೇ ಸಲಕ್ಕೆ ದಪ್ಪ ಹಚ್ಚಿದ ಕಡೆ ಮರುದಿನ ಬಿರುಕು. ಅದೂ ಬಂಡೆಗೆ ಒಪ್ಪಿತು, ಆದರೆ ಮೆಟ್ಟಿಲಿಗೆ ಒಪ್ಪಲಿಲ್ಲ. ಮೆಟ್ಟಿಲು ಕೆರೆದು ಎರಡು ತೆಳು ಪದರದಲ್ಲಿ ಮತ್ತೆ ಮಾಡಿದೆ. ಇದು ಮನೆಯೊಳಗಿನ ಚಿತ್ರಕ್ಕೆ ಮಾತ್ರ. ಫೆವಿಕಾಲ್ ಇರುವುದರಿಂದ ಮಳೆ, ತೇವ ತಡೆಯುವುದಿಲ್ಲ.

ಒಂದು ಕಡೆ ಮಾತ್ರ ಏನೂ ಹಚ್ಚಲಿಲ್ಲ. ಎರಡು ಬಂಡೆ ಸೇರುವಲ್ಲಿ ಉಗುರಗಲದ ಸೀಳು. ತಳದ ರಾಣಿ ಬಣ್ಣ ಅಲ್ಲಿ ಹಾಗೇ ಇಣುಕುತ್ತದೆ. ಅದು ಓಬವ್ವನ ಕಿಂಡಿ. ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ದಾವಣಗೆರೆಯ ನೆಂಟರಿಗೆ ಹೇಳಬೇಕಾಯಿತು.

ಜರಿ ಅಂಚಿನ ಚೂರುಗಳನ್ನು ಕೊನೆಗೆ ಅಂಟಿಸಿದೆ. ಜರಿ ಮೇಲೆ ಬಣ್ಣ ತಾಗಿದರೆ ಹೊಳಪು ಹೋಯಿತು. ಪೂರ್ತಿ ಒಣಗಲು ಒಂದು ವಾರ ಬಿಟ್ಟು, ಜರಿ ಬಿಟ್ಟು ಉಳಿದ ಕಡೆ ನೀರಿನ ವಾರ್ನಿಶ್ ಎರಡು ತೆಳು ಕೋಟು.

ಕಸುಬುದಾರರಿಗೆ ಒಂದು ಮಾತು. ಹೊಲಿಗೆ ಮೇಜು, ಬಣ್ಣದ ಮೇಜು ಬೇರೆ ಬೇರೆ ಇರಲಿ. ಗಿರಾಕಿಯೊಬ್ಬರ ಬ್ಲೌಸ್ ಮೇಲೆ ಒಂದು ಹನಿ ರಾಣಿ ಬಿದ್ದು ನನ್ನ ಜೀವ ಬಾಯಿಗೆ ಬಂದಿತ್ತು. ಹಸಿ ಇರುವಾಗಲೇ ಸೋಪು ನೀರಲ್ಲಿ ಹೋಯಿತು. ಒಣಗಿದ್ದರೆ ಹೋಗುತ್ತಿರಲಿಲ್ಲ. ಬ್ರಶ್ಶನ್ನೂ ಹಾಗೇ ಒಣಗಲು ಬಿಡಬೇಡಿ. ಸ್ಟೆನ್ಸಿಲ್ ಮೇಲೆ ಗಟ್ಟಿಯಾದ ಬಣ್ಣಕ್ಕೆ ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಸುರಿದು ಉಜ್ಜಿ, ಮೆತ್ತಗಾಗಿ ಬಿಡುತ್ತದೆ. ಬಣ್ಣದ ನೀರನ್ನು ನಾನು ಸಿಂಕಿಗೆ ಚೆಲ್ಲುವುದಿಲ್ಲ. ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ, ಅದನ್ನು ಕಾಗದದಲ್ಲಿ ಒಣಗಿಸಿ ಕಸಕ್ಕೆ ಹಾಕುತ್ತೇನೆ.

ಚಿತ್ರವನ್ನು ದಾವಣಗೆರೆಗೆ ಕಳಿಸುವ ಹಿಂದಿನ ಸಂಜೆ ಅತ್ತೆಗೆ ತೋರಿಸಿದೆ. ಮೊಣಕಾಲು ಕೈಕೊಟ್ಟ ಮೇಲೆ ಅವರು ಕೋಟೆ ಹತ್ತಿಲ್ಲ. ಯಾವ ಮೆಟ್ಟಿಲು ಯಾವ ಶೀಟಿನಿಂದ ಬಂತು ಅಂತ ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಸುಮಾರು ಹೊತ್ತು ನೋಡಿದರು. "ಅಂತೂ ನನ್ ಮಂಡಿ ಮೇಲೆ ಹತ್ತಿಬಿಡ್ತು ಬಿಡು" ಅಂದರು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಮಾವನ ಎದೆಯ ಎಕ್ಸ್‌ರೇ ಹುಡುಕಿ ತಂದರು.

"ಇದು ದೊಡ್ಡ ಶೀಟು. ಕೋಟೆ ಮೇಲಿನ ಕಲ್ಲಿನ ಉಯ್ಯಾಲೆ ಕಂಬ ಬಿಟ್ಟಿದ್ದೀಯ ನೋಡು, ಅದನ್ನ ಇದರಲ್ಲಿ ಮಾಡು."