ಕಾರಿಲ್ಲದೆ ಮೂರು ದಿನ, ಚಾಲುಕ್ಯರ ಐದು ಊರು: ಬಸ್ಸಿನ ಲೆಕ್ಕ ಕೂಡಿ ಬಂದದ್ದು ಹೀಗೆ

ಕುಕನೂರು, ಇಟಗಿ, ಸೂಡಿ, ಲಕ್ಕುಂಡಿ, ಡಂಬಳ. ಗದಗ–ಕೊಪ್ಪಳ ಸೀಮೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಿರೋ ಊರುಗಳು. ಸ್ವಂತ ಗಾಡಿ ಇಲ್ಲದೆ ಈ ಐದನ್ನೂ ಮೂರು ದಿನದಲ್ಲಿ ನೋಡೋದು ಆಗದ ಮಾತು ಅಂದವರೇ ಹೆಚ್ಚು. ಆಗುತ್ತೆ. ಗದಗದಲ್ಲಿ ಒಂದೇ ರೂಮು ಹಿಡಿದು, ಸಾಮಾನು ಅಲ್ಲೇ ಬಿಟ್ಟು, ಮಾಮೂಲಿ ಬಸ್ಸಿನಲ್ಲೇ ಮಾಡಿದ್ದೇನೆ. ಎರಡು ಸಲ ಕೆಟ್ಟು ಮೂರನೇ ಸಲ ಸರಿಹೋಯಿತು. ಬಾದಾಮಿ, ಪಟ್ಟದಕಲ್ಲು ನೋಡಿ ಮುಗಿಸಿದವರಿಗಾಗಿ ಇದು, ಹಾಗಾಗಿ ಇತಿಹಾಸದ ಪೀಠಿಕೆ ಇಲ್ಲ.

ಮೊದಲು ಕೆಟ್ಟದ್ದು ಯಾಕೆ ಅನ್ನೋದೇ ಮುಖ್ಯ. ಹಳ್ಳಿ ಬಸ್ಸು ಓಡೋದು ಹಳ್ಳಿಯವರಿಗೋಸ್ಕರ. ರಾತ್ರಿ ಊರಲ್ಲೇ ನಿಂತ ವಸ್ತಿ ಬಸ್ಸು ಬೆಳಿಗ್ಗೆ ಜನರನ್ನು ಪೇಟೆಗೆ ತರುತ್ತೆ, ಸಂಜೆ ವಾಪಸ್ ಬಿಡುತ್ತೆ. ನಮ್ಮ ಓಡಾಟ ಪೂರಾ ಉಲ್ಟಾ. ಹತ್ತಿರದ ಲಕ್ಕುಂಡಿಯನ್ನು ಬೆಳಿಗ್ಗೆ ಮುಗಿಸಿ ಮಧ್ಯಾಹ್ನ ಸೂಡಿಗೆ ಹೋದರೆ, ಸಂಜೆ ಬರೋ ಬಸ್ಸು ವಸ್ತಿ ಬಸ್ಸು. ಅದು ತಿರುಗಿ ಹೋಗಲ್ಲ. ಗಜೇಂದ್ರಗಡದವರೆಗೆ ಆಟೊಗೆ 500ರ ಮೇಲೆ ಹೋಯಿತು. ಎರಡನೇ ಸಲ ಕಾಲಾನುಕ್ರಮದ ಪ್ರಯೋಗ: ಹಳೆಯ ಗುಡಿ ಮೊದಲು, ಹೊಸದು ಕೊನೆಗೆ. ಓದೋಕೆ ಚಂದ, ರಸ್ತೆಗೆ ಹೊಂದಲ್ಲ. ಒಂದೂವರೆ ದಿನ ಬಸ್ ನಿಲ್ದಾಣಗಳಲ್ಲೇ ಕಳೆಯಿತು.

ಕೂಡಿಬಂದ ಸೂತ್ರ ಇಷ್ಟೇ: ದೂರದ್ದು ಬೆಳಿಗ್ಗೆ, ಹೆದ್ದಾರಿಯದ್ದು ಸಂಜೆ. ಲಕ್ಕುಂಡಿ ಗದಗ–ಕೊಪ್ಪಳ ಹೆದ್ದಾರಿಗೆ ಅಂಟಿಕೊಂಡಿದೆ, ಗದಗದಿಂದ 12 ಕಿ.ಮೀ. ಆಸುಪಾಸು, ಕತ್ತಲಾದ ಮೇಲೂ ಬಸ್ಸು ಸಿಗುತ್ತೆ. ಒಳಗಿನ ಊರುಗಳಿಂದ ಮಧ್ಯಾಹ್ನ ಎರಡರೊಳಗೆ ಹೊರಬೀಳಲೇಬೇಕು. ಇಳಿಯೋವಾಗ ಕಂಡಕ್ಟರಿಗೆ ಎರಡು ಪ್ರಶ್ನೆ: "ಅಣ್ಣಾ, ವಾಪಸ್ ಬಸ್ಸು ಎಷ್ಟಕ್ಕೆ? ಕೊನೇದು ವಸ್ತಿನೋ, ತಿರುಗಿ ಹೋಗತೈತೋ?" ನಿಲ್ದಾಣದ ಬೋರ್ಡಿಗಿಂತ ಈ ಉತ್ತರ ನಂಬಿ.

ಮೊದಲ ದಿನ ಕುಕನೂರು ಮತ್ತು ಇಟಗಿ. ಬೆಳಿಗ್ಗೆ ಆರೂವರೆಯೊಳಗೆ ಗದಗ ಬಿಡಬೇಕು. ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, ಮರಳುಗಲ್ಲು. ಅದನ್ನೂ ಚಾಲುಕ್ಯರ ಕಲ್ಲೇಶ್ವರ ಗುಡಿಯನ್ನೂ ನೋಡೋಕೆ ಒಂದೂವರೆ ತಾಸು ಸಾಕು. ಅಲ್ಲಿಂದ ಇಟಗಿಗೆ ಟಂಟಂ, ಅಂದರೆ ಸೀಟಿನ ಲೆಕ್ಕದ ಶೇರ್ ಆಟೊ. ತುಂಬೋವರೆಗೆ ಕಾಯಲಾಗದಿದ್ದರೆ ಉಳಿದ ಸೀಟಿನ ದುಡ್ಡು ಕೊಟ್ಟು ಹೊರಡಿಸಿ. ಇಟಗಿಯ ಮಹಾದೇವ ಗುಡಿಗೆ ಮೂರು ತಾಸು ಇಟ್ಟುಕೊಳ್ಳಿ, ಕಡಿಮೆ ಬೇಡ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಅಂತಲೇ ಇದೆ. ಬೆಳಿಗ್ಗೆ ಮರಳುಗಲ್ಲು ನೋಡಿ ಬಂದ ಕಣ್ಣಿಗೆ ಬಳಪದ ಕಲ್ಲಿನ ನುಣುಪು, ತಿರುಗಿಸಿ ಕಡೆದ ಕಂಬದ ಅಂಚು ಥಟ್ಟನೆ ಗೊತ್ತಾಗುತ್ತೆ. ಪೂರ್ವಕ್ಕಿರೋ ಪುಷ್ಕರಣಿಯಲ್ಲಿ ಶಿಖರದ ಪ್ರತಿಬಿಂಬ ಪೂರಾ ಕಾಣೋ ಒಂದು ಜಾಗ ಇದೆ. ಎಲ್ಲಿ ಅಂತ ಬರೆಯಲ್ಲ, ಸುತ್ತಿದರೆ ಸಿಗುತ್ತೆ. ವಾಪಸ್ ಬನ್ನಿಕೊಪ್ಪಕ್ಕೆ, ಏಳೆಂಟು ಕಿ.ಮೀ.; ಅಲ್ಲಿ ಹೆದ್ದಾರಿ ಬಸ್ಸು.

ಎರಡನೇ ದಿನ ಬೆಳಿಗ್ಗೆ ಸೂಡಿ, ಸಂಜೆ ಲಕ್ಕುಂಡಿ. ಸೂಡಿಯಲ್ಲಿ ಮೊದಲು ಜೋಡು ಕಳಸದ ಗುಡಿ, ಆಮೇಲೆ ನಾಗಕುಂಡ ಅನ್ನೋ ಮೆಟ್ಟಿಲ ಕೊಳ. ಕುಂಡದೊಳಗೆ ಬೆಳಕು ಇಳಿಯೋಕೆ ಹನ್ನೊಂದಾದರೂ ಆಗಬೇಕು, ಎಂಟಕ್ಕೇ ಹೋಗಿ ನಿಂತರೆ ಬರೀ ನೆರಳು. ಬೀಗ ಹಾಕಿದ್ದರೆ ಗಾಬರಿ ಬೇಡ, ಕೀಲಿ ಊರಲ್ಲೇ ಇರುತ್ತೆ. ಕೇಳೋ ರೀತಿಯಲ್ಲಿ ಕೇಳಬೇಕು ಅಷ್ಟೇ.

ಲಕ್ಕುಂಡಿಗೆ ಮೂರೂವರೆಯೊಳಗೆ ಮುಟ್ಟಿ. ಕಾಶಿವಿಶ್ವೇಶ್ವರ ಪೂರ್ವಕ್ಕೆ ಮುಖ ಮಾಡಿದೆ, ಶಿಖರ ಪಶ್ಚಿಮದ ತುದಿಯಲ್ಲಿ. ಸಂಜೆ ಬಿಸಿಲು ನೇರ ಅದರ ಮೇಲೇ. ಚಳಿಗಾಲದಲ್ಲಿ ಉತ್ತರದ ಗೋಡೆಗೆ ದಿನವಿಡೀ ಬಿಸಿಲೇ ತಾಕಲ್ಲ, ಅಲ್ಲಿ ಫೋಟೊಗೆ ಹೆಣಗಬೇಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಮುಸುಕಿನ ಬಾವಿ ಎರಡೂ ಬಿಡೋ ಹಾಗಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ (ಎಎಸ್‌ಐ) ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಆ ದಿನ ತಪ್ಪಿಸಿ. ಟ್ರೈಪಾಡಿಗೆ ಅನುಮತಿ ಬೇಕು. ಗುಡಿಯೊಳಗೆ ಮೊಬೈಲಿನ ಬೆಳಕನ್ನು ಎದುರಿಂದ ಬಿಟ್ಟರೆ ಕೆತ್ತನೆ ಚಪ್ಪಟೆ ಕಾಣುತ್ತೆ; ಸಣ್ಣ ಟಾರ್ಚನ್ನು ಗೋಡೆಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿಯಿರಿ.

ಮೂರನೇ ದಿನ ಡಂಬಳ, ಮುಂಡರಗಿ ರಸ್ತೆಯಲ್ಲಿ 20 ಕಿ.ಮೀ. ಚಿಲ್ಲರೆ. ದೊಡ್ಡಬಸಪ್ಪ ಗುಡಿಯ ಗರ್ಭಗುಡಿಯ ತಳ 24 ಮೂಲೆಯ ನಕ್ಷತ್ರ. ಎಂಟರೊಳಗಿನ ಓರೆ ಬಿಸಿಲಲ್ಲಿ ಒಂದೊಂದು ಮೂಲೆಯ ನೆರಳೂ ಬಿಡಿಬಿಡಿಯಾಗಿ ನಿಲ್ಲುತ್ತೆ. ಮಧ್ಯಾಹ್ನ ಆ ಆಟ ಇಲ್ಲ. ಉಳಿದ ಹೊತ್ತು ಗದಗದ ತ್ರಿಕೂಟೇಶ್ವರದ ಸರಸ್ವತಿ ಗುಡಿಯ ಕಂಬಗಳಿಗೆ.

ಖರ್ಚು, ನೆನಪಿದ್ದಷ್ಟು: ಎರಡು ರಾತ್ರಿಯ ರೂಮು 1,600ರ ಹತ್ತಿರ, ಬಸ್ಸು 450ರೊಳಗೆ, ಟಂಟಂ ಆಟೊ ಸೇರಿ 700, ಊಟ ತಿಂಡಿ 600. ಬಾಡಿಗೆ ಕಾರಿಗೆ ಕೇಳಿದ್ದು ಹತ್ತು ಸಾವಿರದ ಮೇಲೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸು ಉಚಿತ; ಗುರುತಿನ ಚೀಟಿ ಕೈಯಲ್ಲಿರಲಿ. ನವೆಂಬರಿಂದ ಫೆಬ್ರವರಿವರೆಗೆ ಹೋಗಿ, ಏಪ್ರಿಲ್‌ನಲ್ಲಿ ಹಾಸುಗಲ್ಲಿನ ಮೇಲೆ ಬರಿಗಾಲು ಇಡೋಕಾಗಲ್ಲ.

ಅದೇ ತಿಂಗಳುಗಳಲ್ಲಿ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬಂದಿರುತ್ತವೆ. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ಪಟ್ಟಿಗೂ ಸೇರಿತು. ಡಂಬಳದ ಜೊತೆ ಒಂದೇ ಬೆಳಿಗ್ಗೆ ಜೋಡಿಸಿ ನೋಡಿದೆ, ಆಗಲಿಲ್ಲ. ಎರಡೂ ಗದಗದಿಂದ ಬೇರೆ ಬೇರೆ ದಿಕ್ಕು. ಹಕ್ಕಿ ಬೇಕು ಅಂದರೆ ನಾಲ್ಕನೇ ದಿನ ಇಟ್ಟುಕೊಂಡು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನೂ ಅದರ ಜೊತೆಗೇ ಸೇರಿಸಿ.