ಹೊಲದ ಮಳೆ ಅಳೆಯುವುದು ಹೇಗೆ, ಆ ಅಂಕಿಯನ್ನು ಎಷ್ಟು ನಂಬುವುದು

ಎತ್ತಿನ ಒಂದು ಕೊಂಬು ತೊಯ್ದಿತ್ತು, ಇನ್ನೊಂದು ಒಣಗಿತ್ತು ಎಂದು ಹಳ್ಳಿಯಲ್ಲಿ ಹೇಳುವುದುಂಟು. ರಾಯಚೂರು, ಕೊಪ್ಪಳದ ಕಡೆ ಮೇ ತಿಂಗಳ ಗುಡುಗು ಮಳೆ ಬರುವುದೇ ಹಾಗೆ: ಹಳ್ಳದ ಆಚೆ ಹರಗಲು ಹದ, ಈಚೆ ಬರೀ ಧೂಳು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸರ್ಕಾರ ಇಟ್ಟಿರುವ ಸ್ವಯಂಚಾಲಿತ ಮಳೆಮಾಪಕ ಒಳ್ಳೆಯ ಸಾಧನವೇ. ಆದರೆ ಅದು ತಾನು ನಿಂತ ಜಾಗದ್ದನ್ನು ಹೇಳುತ್ತದೆ. ನಿಮ್ಮ ಹೊಲದ್ದು ಬೇಕಾದರೆ ಹೊಲದಲ್ಲೇ ಅಳೆಯಬೇಕು. ಅದಕ್ಕೆ ಖರ್ಚು ಹೆಚ್ಚಿಲ್ಲ. ಕಷ್ಟ ಇರುವುದು, ಬಂದ ಅಂಕಿ ಎಲ್ಲಿಯವರೆಗೆ ನಿಜ ಎಂದು ಗುರುತಿಸಿ ಬರೆಯುವುದರಲ್ಲಿ.

ಸಾಮಾನು ಇಷ್ಟು: ಬಾಯಿಯ ಒಳ ಅಗಲ 16 ಸೆಂ.ಮೀ. ಇರುವ ಲಾಳಿಕೆ, 5 ಲೀಟರಿನ ಎಣ್ಣೆ ಕ್ಯಾನ್, ಮಿ.ಲೀ. ಗೆರೆ ಇರುವ ಅಳತೆ ಗ್ಲಾಸು, ಸೂಜಿ ತೆಗೆದ 10 ಮಿ.ಲೀ. ಸಿರಿಂಜು. 16 ಸೆಂ.ಮೀ. ಯಾಕೆಂದರೆ ಆ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ. ಹಾಗಾಗಿ ಕ್ಯಾನಿನಲ್ಲಿ ಬಿದ್ದ ಪ್ರತಿ 20 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. 460 ಮಿ.ಲೀ. ಸಿಕ್ಕರೆ 23 ಮಿ.ಮೀ. ಮಳೆ. ನೀರಿನ ಬಾಟಲಿ ಸಾಕೆಂದು 2 ಲೀಟರಿನದ್ದು ಇಡಬೇಡಿ. ಅದು 100 ಮಿ.ಮೀ.ಗೇ ತುಂಬುತ್ತದೆ, ತುಂಬಿ ಚೆಲ್ಲಿದ್ದು ಎಷ್ಟೆಂದು ಆಮೇಲೆ ಯಾರೂ ಹೇಳಲಾರರು. ಅತಿ ಹೆಚ್ಚು ಮಳೆಯಾದ ದಿನದ ಲೆಕ್ಕವೇ ಕೈತಪ್ಪುತ್ತದೆ.

ಲಾಳಿಕೆಯ ಅಗಲವನ್ನು ಒಂದೇ ಕಡೆ ಅಳೆದು ಸುಮ್ಮನಾಗಬೇಡಿ. ಪ್ಲಾಸ್ಟಿಕ್ ಬಾಯಿ ಪೂರ್ತಿ ದುಂಡಗಿರುವುದಿಲ್ಲ. ನಾಲ್ಕು ದಿಕ್ಕಿಗೆ ಅಳೆದು ಸರಾಸರಿ ತೆಗೆಯಿರಿ. ಅಗಲ ನಿಜವಾಗಿ 15.5 ಸೆಂ.ಮೀ. ಇದ್ದು ನೀವು 16 ಎಂದುಕೊಂಡರೆ, 50 ಮಿ.ಮೀ. ಮಳೆ ಬಿದ್ದಾಗ ನಿಮ್ಮ ಪುಸ್ತಕದಲ್ಲಿ 47 ಎಂದು ಬೀಳುತ್ತದೆ. ಈ ತಪ್ಪಿನ ಕೆಟ್ಟ ಗುಣವೆಂದರೆ ಅದು ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತದೆ. ಕಣ್ಣಳತೆಯ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದು ತಿಂಗಳ ಲೆಕ್ಕದಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ವಾಲಿದ ತಪ್ಪು ನೂರು ಸಲ ಅಳೆದರೂ ಹೋಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ.

ಜಾಗ ಬಯಲಾಗಿರಲಿ. ಪಕ್ಕದ ಬೇವಿನ ಮರ 6 ಮೀಟರ್ ಎತ್ತರವಿದ್ದರೆ ಕನಿಷ್ಠ 12 ಮೀಟರ್ ದೂರ ಇಡಿ. ಲಾಳಿಕೆಯ ಅಂಚು ನೆಲದಿಂದ ಸುಮಾರು 30 ಸೆಂ.ಮೀ. ಮೇಲಿರಲಿ. ಇನ್ನೂ ಕೆಳಗಿದ್ದರೆ ನೆಲಕ್ಕೆ ಬಡಿದ ಹನಿ ಸಿಡಿದು ಒಳಗೆ ಬೀಳುತ್ತದೆ, ಮೇಲಿದ್ದರೆ ಗಾಳಿ ಹನಿಯನ್ನು ಪಕ್ಕಕ್ಕೆ ಎಳೆದೊಯ್ಯುತ್ತದೆ. ಲಾಳಿಕೆಯನ್ನು ಕ್ಯಾನಿನ ಬಾಯಿಗೆ ಕೂರಿಸಿ, ಅಂಚು ಆ ಎತ್ತರಕ್ಕೆ ಬರುವಷ್ಟು ಆಳಕ್ಕೆ ಕ್ಯಾನನ್ನು ಹೂತು, ಸುತ್ತ ಒಂದು ಗೇಣು ಗರಸು ತುಂಬಿ. ಎರಿ ಭೂಮಿಯಲ್ಲಿ (ಕಪ್ಪು ಮಣ್ಣಿನಲ್ಲಿ) ಇದನ್ನು ಬಿಟ್ಟರೆ ಕೆಲಸ ಕೆಟ್ಟಂತೆಯೇ. ಆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ನೆಟ್ಟದ್ದನ್ನೆಲ್ಲ ವಾಲಿಸುತ್ತದೆ. ದೊಡ್ಡ ಮಳೆ ಬಂದು ಹೋದ ಮೇಲೆಲ್ಲ ಅಂಚಿನ ಮೇಲೆ ಮಟ್ಟಗೋಲು ಇಟ್ಟು ನೋಡಿ.

ಶುರು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ ಲಾಳಿಕೆಗೆ ಸಿರಿಂಜಿನಿಂದ 20 ಮಿ.ಲೀ. ನೀರನ್ನು ಹನಿಹನಿಯಾಗಿ ಬಿಟ್ಟು, ಕೆಳಗೆ ಬಂದದ್ದನ್ನು ಅಳೆಯಿರಿ. 18 ಬಂದರೆ 2 ಮಿ.ಲೀ. ಗೋಡೆಗೇ ಅಂಟಿತು, ಅಂದರೆ 0.1 ಮಿ.ಮೀ. ದೊಡ್ಡ ಮಳೆಯಲ್ಲಿ ಇದು ಲೆಕ್ಕಕ್ಕಿಲ್ಲ. ತುಂತುರು ಹನಿಯಲ್ಲಿ ಇದೇ ಮುಖ್ಯ. ಲಾಳಿಕೆ ತೊಯ್ದು ಕ್ಯಾನು ಒಣಗಿದ್ದರೆ ಸೊನ್ನೆ ಎನ್ನಬೇಡಿ, ‘ಹನಿ’ ಎಂದು ಬರೆಯಿರಿ.

ದಿನವೂ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ದಿನ ಮುಗಿಯುವುದೂ ಆಗಲೇ, ಹೀಗಾಗಿ ನಿಮ್ಮ ಅಂಕಿಯನ್ನು ಅವರದ್ದರೊಂದಿಗೆ ಇಟ್ಟು ನೋಡಬಹುದು. ಇಲಾಖೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನಷ್ಟೇ ಮಳೆ ದಿನ ಎಂದು ಎಣಿಸುತ್ತದೆ.

ಸಾಧ್ಯವಾದರೆ ಇಂಥದ್ದೇ ಎರಡನೇ ಮಾಪಕವನ್ನು ಮೂರು ಮೀಟರ್ ದೂರದಲ್ಲಿ ಇಡಿ. ಇಡೀ ಕೆಲಸದಲ್ಲಿ ಹೆಚ್ಚು ಕಲಿಸುವುದು ಇದೇ. ಒಂದರಲ್ಲಿ 18, ಇನ್ನೊಂದರಲ್ಲಿ 17 ಬಂತೆನ್ನಿ. ಯಾವುದು ಸರಿ ಎಂದು ಹುಡುಕಿ ಒಂದನ್ನು ಹೊಡೆದುಹಾಕಬೇಡಿ. ಎರಡನ್ನೂ ಬರೆಯಿರಿ. ಒಂದು ತಿಂಗಳಾದ ಮೇಲೆ ಆ ವ್ಯತ್ಯಾಸಗಳನ್ನು ನೋಡಿದರೆ ನಿಮ್ಮ ಸಾಧನದ ಅನುಮಾನ ಎಷ್ಟೆಂದು ನಿಮಗೇ ಸಿಗುತ್ತದೆ. ಆಮೇಲೆ ‘ನಿನ್ನೆ ಎಷ್ಟಾತ್ರೀ?’ ಎಂದು ಯಾರಾದರೂ ಕೇಳಿದರೆ ‘ಹದಿನೆಂಟು, ಒಂದು ಹೆಚ್ಚುಕಡಿಮೆ’ ಎಂದು ಧೈರ್ಯವಾಗಿ ಹೇಳಬಹುದು. 17.85 ಎಂದು ಬರೆದರೆ ಇಲ್ಲದ ಜ್ಞಾನ ತೋರಿಸಿದಂತಾಗುತ್ತದೆ. ಇಷ್ಟಾದರೂ ಎರಡೂ ಮಾಪಕ ಕೂಡಿ ತಪ್ಪುವ ಒಂದು ಜಾಗವಿದೆ: ಗಾಳಿ. ಜೂನ್, ಜುಲೈನ ಪಡುವಣ ಗಾಳಿಗೆ ಸಣ್ಣ ಹನಿ ಅಂಚು ದಾಟಿ ಹಾರಿಹೋಗುತ್ತದೆ. ಎರಡೂ ಒಂದೇ ಥರ ಕಡಿಮೆ ಹಿಡಿಯುತ್ತವೆ, ಅಂಕಿ ಮಾತ್ರ ಚೆನ್ನಾಗಿ ಹೊಂದುತ್ತದೆ. ಎರಡು ಸಾಕ್ಷಿ ಒಂದೇ ಮಾತು ಹೇಳಿದರೆ ಅದೇ ನಿಜ ಎಂದು ತಿಳಿಯುವ ಹಾಗಿಲ್ಲ. ಗಾಳಿ ಜೋರಿದ್ದ ದಿನ ಅಂಕಿಯ ಪಕ್ಕ ‘ಗಾಳಿ’ ಎಂದು ಗುರುತು ಹಾಕಿ.

ಮಾಪಕದ ಬಾಯಿ ಒಂದು ಎಕರೆಯ ಸುಮಾರು ಎರಡು ಲಕ್ಷದಲ್ಲೊಂದು ಪಾಲು. ಚದರ ಕಿಲೋಮೀಟರಿಗೆ ಒಂದರಂತೆ ಇಟ್ಟರೂ ಐದು ಕೋಟಿಯಲ್ಲೊಂದು ಪಾಲಿನ ಮೇಲೆ ಬಿದ್ದದ್ದಷ್ಟೇ ನಮಗೆ ಗೊತ್ತಾಗುವುದು, ಉಳಿದದ್ದು ಊಹೆ. ಬಿದ್ದ ನೀರು ಮಣ್ಣಿಗೆ ಇಳಿಯಿತೋ ಹರಿದುಹೋಯಿತೋ ಎಂಬುದು ಇನ್ನೂ ಬೇರೆ ಪ್ರಶ್ನೆ. ಅದಕ್ಕೆ ಮರುದಿನ ಸಲಾಕೆಯಿಂದ ಮೂರು ಕಡೆ ಅಗೆದು ಹಸಿ ಎಷ್ಟು ಗೇಣು ಇಳಿದಿದೆ ನೋಡಿ ಬರೆಯಿರಿ. ಬಿರುಕಿನ ಬಾಯಲ್ಲಿ ಅಗೆಯಬೇಡಿ. ಅಲ್ಲಿ ನೀರು ನೇರ ಆಳಕ್ಕೆ ಓಡಿರುತ್ತದೆ, ಎರಡು ಮಾರು ಆಚೆ ಬೊಗಸೆ ಮಣ್ಣು ಒತ್ತಿದರೆ ಉಂಡೆ ಕಟ್ಟುವುದಿಲ್ಲ. ಎರಿ ಮತ್ತು ಮಸಾರಿಯ (ಕೆಂಪು ಮಣ್ಣಿನ) ಹಸಿಯನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ.

ಪುಸ್ತಕದಲ್ಲಿ ಮುನ್ಸೂಚನೆಗೂ ಒಂದು ಕಲಂ ಬಿಡಿ. ‘ಮಳೆ ಸಾಧ್ಯತೆ ಶೇ. 60’ ಎಂದಾಗ ಬರಲಿಲ್ಲವೆಂದು ಒಂದೇ ದಿನಕ್ಕೆ ಸುಳ್ಳು ಎನ್ನುವಂತಿಲ್ಲ. ಹಾಗೆ ಹೇಳಿದ ದಿನಗಳನ್ನು ಗುಡ್ಡೆ ಹಾಕಿ, ಹತ್ತರಲ್ಲಿ ಆರರಂತೆ ಬಂತೇ ನೋಡಿ. ಹತ್ತಿಪ್ಪತ್ತು ದಿನದಿಂದ ತೀರ್ಪು ಕೊಡಬೇಡಿ, ನೂರರ ಹತ್ತಿರ ಬರಲಿ. ಮೃಗಶಿರಾ, ಹಸ್ತ ಮಳೆಗಳ ಗಾದೆಗಳನ್ನೂ ಹೀಗೆಯೇ ನೋಡಬಹುದು, ಅವು ವರ್ಷಕ್ಕೊಮ್ಮೆ ಬರುವುದರಿಂದ ಕಾಯಬೇಕಾದ್ದು ಇನ್ನೂ ಹೆಚ್ಚು. ಮುನ್ಸೂಚನೆಗೂ ಒಂದು ಮಿತಿಯಿದೆ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಹವಾಮಾನದ ಕಂಪ್ಯೂಟರ್ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಹಾಕುವಾಗ 0.506127ರ ಬದಲು 0.506 ಎಂದು ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಗೇ ನಡೆದು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹವಾಮಾನ ಬಂತು. ಮೊದಲ ಅಳತೆಯ ಇಷ್ಟೇ ಇಷ್ಟು ಕೊರತೆ ಬೆಳೆದು ಬೆಳೆದು ಎರಡು ವಾರದ ಆಚೆಗೆ ದಿನದಿನದ ಮಳೆಯನ್ನು ಹೇಳಗೊಡುವುದಿಲ್ಲ. ಇಡೀ ಹಂಗಾಮಿನ ಮಾತೂ ಊರಿಗೆ ಊರು ಹೊಂದುವುದಿಲ್ಲ: 2009ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಶೇ. 22 ಕಡಿಮೆಯಾಗಿ ಬರದ ವರ್ಷವೆನಿಸಿತು. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಪ್ರವಾಹ ಬಂತು.

ಕೊನೆಯದಾಗಿ, ಊರಿಗೆ ಹೋಗಿ ಅಳೆಯದೇ ಉಳಿದ ದಿನಗಳು. ಅಲ್ಲಿ ಸೊನ್ನೆ ಹಾಕಬೇಡಿ, ‘ನೋಡಿಲ್ಲ’ ಎಂದು ಬರೆಯಿರಿ. ಮೂರು ದಿನ ಬಿಟ್ಟು ಬಂದಾಗ ಕ್ಯಾನಿನಲ್ಲಿ 600 ಮಿ.ಲೀ. ಇದ್ದರೆ ದಿನಕ್ಕೆ 10 ಎಂದು ಹಂಚಬೇಡಿ. ಮೂರೂ ಸಾಲಿಗೆ ಒಂದೇ ಆವರಣ ಹಾಕಿ, ‘ಒಟ್ಟು 30, ಆವಿಯಾದದ್ದು ಬೇರೆ’ ಎಂದು ಬರೆದು, ಕ್ಯಾನು ಚೆಲ್ಲಿ ಮತ್ತೆ ಇಡಿ.